ಪ್ರತಿಕ್ರಿಯೆ: 2 ಕಿಲೋವ್ಯಾಟ್ ಕ್ಸೆನಾನ್ ಪ್ರೊಜೆಕ್ಟರಿನ ಇಗ್ನೈಟರ್ ಸದ್ದು ಮಾಡುತ್ತದೆ, ಲ್ಯಾಂಪ್ ಹೊತ್ತಿಕೊಳ್ಳುತ್ತಿಲ್ಲ

ಸದ್ದು ಬರುತ್ತಿದೆ ಅಂದಮೇಲೆ ಇಗ್ನೈಟರಿಗೆ, ಅಂದರೆ ಲ್ಯಾಂಪ್ ಹೊತ್ತಿಸಲು ಹೈ ವೋಲ್ಟೇಜ್ ಕಿಡಿ ಕೊಡುವ ಭಾಗಕ್ಕೆ, 230 ವೋಲ್ಟ್ ತಲುಪುತ್ತಿದೆ. ರಿಲೇ, ಲ್ಯಾಂಪ್ ಹೌಸ್ ಬಾಗಿಲಿನ ಸುರಕ್ಷತಾ ಸ್ವಿಚ್ ಬಿಚ್ಚಲು ಹೋಗಬೇಡಿ. ಲ್ಯಾಂಪ್ ಹೊತ್ತಿಸುವ ಸ್ವಿಚ್ ಒತ್ತಿದಾಗ ಲ್ಯಾಂಪಿನೊಳಗೆ ತೆಳು ನೀಲಿ ಮಿಂಚು ಕಾಣುತ್ತದೆಯೇ, ವೀಕ್ಷಣಾ ಗಾಜಿನ ಮೂಲಕವೇ ನೋಡಿ.

ಮಿಂಚಿ ಆರಿದರೆ ತಪ್ಪು ಹೆಚ್ಚಾಗಿ ಲ್ಯಾಂಪಿಗೆ ಡಿಸಿ ಕರೆಂಟ್ ಕೊಡುವ ರೆಕ್ಟಿಫೈಯರಿನದು. ಲ್ಯಾಂಪ್ ಉರಿಯುವಾಗ 25 ವೋಲ್ಟ್ ಆಸುಪಾಸು ಸಾಕು, ಆದರೆ ಆರ್ಕ್ (ಲ್ಯಾಂಪಿನೊಳಗೆ ನಿರಂತರ ಉರಿಯುವ ವಿದ್ಯುತ್ ಜ್ವಾಲೆ) ಹಿಡಿಯುವ ಕ್ಷಣಕ್ಕೆ 100 ವೋಲ್ಟಿನ ಹತ್ತಿರ ಬೇಕು. ರೆಕ್ಟಿಫೈಯರಿನ ಈ ವೋಲ್ಟೇಜ್ ಅಳೆಯುವ ಮೊದಲು ಇಗ್ನೈಟರಿನ 230 ವೋಲ್ಟ್ ತಂತಿ ಕಳಚಿ, ಇಲ್ಲದಿದ್ದರೆ ಅದರ ಹೈ ವೋಲ್ಟೇಜ್ ಕಿಡಿಗೆ ಮೀಟರ್ ಸುಟ್ಟುಹೋಗುತ್ತದೆ. ಕಡಿಮೆ ಬಂದರೆ ಹೊತ್ತಿಸುವಾಗ ಹೆಚ್ಚುವರಿ ವೋಲ್ಟೇಜ್ ಒದಗಿಸುವ ಬೂಸ್ಟ್ ಕೆಪಾಸಿಟರ್, ಅದರ ರೆಸಿಸ್ಟರ್ ನೋಡಿ.

ಮಿಂಚೇ ಇಲ್ಲದಿದ್ದರೆ ಇಗ್ನೈಟರ್ ಬಿಚ್ಚಿ. ಮೊದಲು ಮೇನ್ ಪ್ಲಗ್ ಕಿತ್ತು, ಇನ್ಸುಲೇಟೆಡ್ ಹಿಡಿಯ ರೆಸಿಸ್ಟರ್ ಕಡ್ಡಿಯಿಂದ ಪ್ರತಿ ಕೆಪಾಸಿಟರನ್ನೂ ಡಿಸ್ಚಾರ್ಜ್ ಮಾಡಿ. ಇಲ್ಲಿ ಅವಸರ ಖಂಡಿತ ಬೇಡ. ಸ್ಪಾರ್ಕ್ ಗ್ಯಾಪಿನ (ಇಗ್ನೈಟರಿನೊಳಗೆ ಕಿಡಿ ಹಾರುವ ಸಂದು) ಟಂಗ್‌ಸ್ಟನ್ ತುದಿಗಳು ಸವೆದು ಗುಳಿಬಿದ್ದಿದ್ದರೆ ನಯವಾದ ಎಮೆರಿ ಕಾಗದದಲ್ಲಿ ಸಮ ಮಾಡಿ, ಸಂದು ಅಳೆಯುವ ತೆಳು ಪಟ್ಟಿ ಫೀಲರ್ ಗೇಜ್ ಇಟ್ಟು ಮ್ಯಾನುಯಲ್ ಹೇಳಿದಷ್ಟೇ ಅಂತರ ಕೊಡಿ. ಕಿಡಿ ಜೋರಾಗಲಿ ಎಂದು ಅಂತರ ಹೆಚ್ಚಿಸುವವರಿದ್ದಾರೆ. ಆಗ ಕೆಪಾಸಿಟರ್ ಮೇಲಿನ ವೋಲ್ಟೇಜ್ ಏರಿ ಅದೂ ಟ್ರಾನ್ಸ್‌ಫಾರ್ಮರೂ ಒಟ್ಟಿಗೆ ಹೋಗುತ್ತವೆ.

ಬಿಳಿ ಸೆರಾಮಿಕ್ ಕೆಪಾಸಿಟರಿನ ಮೇಲೆ ಕೂದಲೆಳೆಯಂಥ ಬಿರುಕು, ಕಾಯಿಲಿನ ರೆಸಿನ್ ಮೇಲೆ ಪೆನ್ಸಿಲ್ ಗೀಟಿನಂತೆ ಕಪ್ಪು ಗೆರೆ ಇದೆಯೇ ಹುಡುಕಿ. ಆ ಗೆರೆ ಇಂಗಾಲ. ಕಿಡಿ ಲ್ಯಾಂಪಿಗೆ ಹೋಗದೆ ಅದರ ಮೇಲೇ ಯಂತ್ರದ ಲೋಹದ ಮೈಗೆ ಹರಿಯುತ್ತದೆ. ಒರೆಸಿದರೆ ಸಾಲದು, ಕೆರೆದು ತೆಗೆದು ಹೈ ವೋಲ್ಟೇಜ್ ವಾರ್ನಿಷ್ ಹಚ್ಚಬೇಕು.

ಲ್ಯಾಂಪ್ ಹೌಸ್ ತೆರೆಯುವಾಗ ಮುಖಕವಚ, ಗ್ಲೌಸ್ ಹಾಕಿ. ತಣ್ಣಗಿದ್ದಾಗಲೂ ಲ್ಯಾಂಪಿನೊಳಗೆ ಹಲವು ಬಾರ್ ಒತ್ತಡ ಇರುತ್ತದೆ. ಮಿಂಚು ಕಂಡಿತೋ ಇಲ್ಲವೋ ತಿಳಿಸಿ, ಮುಂದಿನದು ನೋಡೋಣ.