ಕುರಿಗೆ ಮೂತಿ ಊದಿದೆ, ಮೇಕೆಗೆ ಏನೂ ಇಲ್ಲ!

ಪ್ರಶ್ನೆ: ನಮ್ಮದು ಶಿರಾ ಕಡೆಯ ಹಳ್ಳಿ. ಕುರಿ, ಮೇಕೆ, ಎಮ್ಮೆ ಎಲ್ಲಾ ಇವೆ. ಈ ಸಲ ರೊಪ್ಪವನ್ನು ಕೆರೆ ಏರಿಯ ಹಿಂದೆ ಹಾಕಿದೆವು. ದೀಪಾವಳಿ ಕಳೆದ ಮೇಲೆ ಕುರಿಗಳಿಗೆ ಜ್ವರ, ಮೂತಿ ಊತ, ಕುಂಟು ಶುರುವಾಯಿತು. ಡಾಕ್ಟರು ನೀಲಿ ನಾಲಿಗೆ ರೋಗ ಎಂದರು. ಮೇಕೆಗಳು ಆರಾಮಾಗಿವೆ. ದಿಬ್ಬದ ಮೇಲಿರುವ ನಮ್ಮ ದಾಯಾದಿಗಳ ಕುರಿಗೂ ಏನೂ ಆಗಿಲ್ಲ. ಕಾಯಿಲೆ ಬಿದ್ದವನ್ನು ಬೇರೆ ಕಟ್ಟಿದರೆ ಸಾಕಾ?

ಉತ್ತರ: ಸಾಲದು. ಇದು ಕುರಿಯಿಂದ ಕುರಿಗೆ ಮುಟ್ಟಿ ಹರಡುವುದಕ್ಕಿಂತ ನುಸಿ ಕಚ್ಚಿ ಹರಡುವುದೇ ಜಾಸ್ತಿ. ಹಾಗಾಗಿ ನಾನು ಮೊದಲು ಕೇಳುವುದು, ಕುರಿ ಏನು ಮೇಯಿತು ಅಂತಲ್ಲ. ರಾತ್ರಿ ಎಲ್ಲಿ ಮಲಗಿತ್ತು ಅಂತ.

ಈ ನುಸಿ ಒಂದರಿಂದ ಮೂರು ಮಿಲಿಮೀಟರ್ ಅಷ್ಟೇ. ಮಾಮೂಲಿ ಸೊಳ್ಳೆಪರದೆಯ ಕಣ್ಣಲ್ಲೂ ತೂರುತ್ತದೆ. ಒದ್ದೆ ಸಗಣಿ, ಕೆಸರಿನಲ್ಲಿ ಮರಿ ಮಾಡುತ್ತದೆ. ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಜೋರು ಗಾಳಿಯಲ್ಲಿ ಹಾರಲಾರದು. ನಿಮ್ಮ ದಾಯಾದಿಗಳ ದಿಬ್ಬದಲ್ಲಿ ನೆಲ ಒಣಗಿದೆ, ಗಾಳಿ ಆಡುತ್ತದೆ. ಏರಿ ಹಿಂದೆ ನೀರು ಜಿನುಗುತ್ತದೆ, ಗಾಳಿ ಇಲ್ಲ. ಉತ್ತರ ಅಲ್ಲೇ ಸಿಕ್ಕಿತಲ್ವಾ? ಆದರೆ ಅವರೂ ನಿಶ್ಚಿಂತೆಯಿಂದ ಇರಬೇಡಿ ಅನ್ನಿ. ಗಾಳಿಗೆ ಸಿಕ್ಕ ನುಸಿ ದೂರವೂ ಹೋಗುತ್ತದೆ.

ಇನ್ನು ಮೇಕೆ, ಎಮ್ಮೆ. ಅವುಗಳ ರಕ್ತದಲ್ಲೂ ವೈರಸ್ ಇರಬಹುದು, ಹೊರಗೆ ಮಾತ್ರ ಸಾಮಾನ್ಯವಾಗಿ ಏನೂ ಕಾಣಿಸುವುದಿಲ್ಲ. ಎಮ್ಮೆಯನ್ನು ಕಚ್ಚಿದ ನುಸಿ ಕೆಲವು ದಿನ ಬಿಟ್ಟು ಕುರಿಯನ್ನು ಕಚ್ಚಿದರೆ ಸಾಕು. ಕೊಟ್ಟಿಗೆಯ ಪಕ್ಕ ರೊಪ್ಪ, ನಡುವೆ ತಿಪ್ಪೆ ಇದ್ದರಂತೂ ಕೇಳುವುದೇ ಬೇಡ. ಮೊದಲು ತಿಪ್ಪೆಯನ್ನು ದೂರ ಹಾಕಿ. ರೊಪ್ಪವನ್ನು ಇವತ್ತೇ ದಿಬ್ಬಕ್ಕೆ ಏರಿಸಿ. ರಾತ್ರಿಯಿಡೀ ಬಲ್ಬ್ ಉರಿಸುವ ಅಭ್ಯಾಸ ಇದ್ದರೆ ಬಿಡಿ, ನುಸಿ ಬೆಳಕಿಗೆ ಬರುತ್ತದೆ. ಬೇವಿನ ಹೊಗೆ ಹಾಕುತ್ತೀರಾದರೆ ಹಾಕಿ, ಅದನ್ನೇ ನಂಬಿ ಕೂರಬೇಡಿ.

ಕಾಯಿಲೆ ಬಿದ್ದವನ್ನು ನೆರಳಲ್ಲಿ ಕಟ್ಟಿ, ಬಿಸಿಲು ತಾಗಿದರೆ ಮೂತಿ ಇನ್ನೂ ಕೆಡುತ್ತದೆ. ಬಾಯಿ ಹುಣ್ಣಾಗಿರುತ್ತದೆ, ರಾಗಿ ಗಂಜಿ ಕುಡಿಸಿ. ವೈರಸ್ಸಿಗೆ ಔಷಧಿ ಇಲ್ಲ. ಡಾಕ್ಟರು ಕೊಡುವ ಆಂಟಿಬಯೋಟಿಕ್ ಹುಣ್ಣು ಕೀವಾಗದಂತೆ, ನ್ಯುಮೋನಿಯಾ ಆಗದಂತೆ.

ಲಸಿಕೆ ಇದೆ. ನಮ್ಮಲ್ಲಿ ಸಿಗುವುದು ಐದು ಬಗೆಯ ವೈರಸ್ಸಿಗೆ. ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆ ಪತ್ತೆಯಾಗಿವೆ, ಆದ್ದರಿಂದ ಲಸಿಕೆ ಹಾಕಿಸಿದರೂ ರೊಪ್ಪದ ಜಾಗ ನೋಡಿಕೊಳ್ಳಲೇಬೇಕು. ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಮಂದೆಗೆ ಬಂದಮೇಲೆ ಓಡಿದರೆ ತಡವಾಯಿತು. ಗಬ್ಬದ ಕುರಿಗಳಿದ್ದರೆ ಡಾಕ್ಟರಿಗೆ ಈಗಲೇ ತಿಳಿಸಿ, ಈ ರೋಗಕ್ಕೆ ಕಂದು ಹಾಕುವುದುಂಟು.

ಇನ್ನೊಂದು. ಇಂಜೆಕ್ಷನ್ ಕೊಡುವಾಗ ಇಡೀ ಮಂದೆಗೆ ಒಂದೇ ಸೂಜಿ ಬಳಸಲು ಬಿಡಬೇಡಿ. ರಕ್ತ ಅಂಟಿದ ಸೂಜಿಯೂ ನುಸಿಯ ಕೆಲಸವನ್ನೇ ಮಾಡುತ್ತದೆ.