ಜಗಳೂರು, ಚಳ್ಳಕೆರೆ ಕಡೆಯ ಮಕ್ಕಳ ಫ್ಲೋರೋಸಿಸ್ ಬಗ್ಗೆ ಐಸಿಎಂಆರ್ ಅನುದಾನಕ್ಕೆ ಮೊದಲ ಸಲ ಅರ್ಜಿ ಹಾಕುವುದು ಹೇಗೆ?

ನೀವು ಕೇಳಿರುವುದು ಇಷ್ಟು: ನೀವು ದಾವಣಗೆರೆಯ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರು. ಶಾಲಾ ಮಕ್ಕಳ ಹಲ್ಲು ನೋಡಿ ಫ್ಲೋರೋಸಿಸ್ (ಮೈಗೆ ಫ್ಲೋರೈಡ್ ಹೆಚ್ಚಾಗಿ ಸೇರಿ ಹಲ್ಲು, ಮೂಳೆ ಕೆಡುವ ತೊಂದರೆ) ಎಷ್ಟಿದೆ ಎಂದು ಲೆಕ್ಕ ಹಾಕಿ, ತಂದೆ-ತಾಯಿಗೆ ತಿಳುವಳಿಕೆ ಕೊಟ್ಟು, ಎರಡು ವರ್ಷದ ಮೇಲೆ ಮತ್ತೆ ಹಲ್ಲು ನೋಡುವ ಯೋಜನೆ. ಇದಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದುಡ್ಡು ಕೊಡುತ್ತದೆಯೇ?

ಈಗಿರುವ ರೂಪದಲ್ಲಿ ಸಿಗುವುದು ಕಷ್ಟ. ವಿಷಯ ಒಳ್ಳೆಯದೇ, ಎಡವಿರುವುದು ಅಳತೆಯಲ್ಲಿ. ಹಲ್ಲಿನ ಮೇಲಿನ ಕಲೆ ಎನಾಮೆಲ್ (ಹಲ್ಲಿನ ಹೊರಪದರ) ರೂಪುಗೊಳ್ಳುವ ಕಾಲದಲ್ಲೇ ಬೀಳುತ್ತದೆ, ಅಂದರೆ ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಹತ್ತು ವರ್ಷದ ಮಗುವಿಗೆ ನಾಳೆಯಿಂದಲೇ ಶುದ್ಧ ನೀರು ಕೊಟ್ಟರೂ ಬಿದ್ದ ಕಲೆ ಹೋಗುವುದಿಲ್ಲ. ಹಾಗಾಗಿ ಎರಡು ವರ್ಷದ ನಂತರ ಡೀನ್ಸ್ ಇಂಡೆಕ್ಸ್ (ಹಲ್ಲಿನ ಕಲೆಯ ತೀವ್ರತೆ ಅಳೆಯುವ ಸೂಚಿ) ಹಾಕಿ ನೋಡಿದರೆ ಬದಲಾವಣೆ ಕಾಣದು, ನಿಮ್ಮ ಪ್ರಯತ್ನ ಕೆಲಸ ಮಾಡಿದ್ದರೂ ವಿಫಲವಾದಂತೆ ತೋರುತ್ತದೆ. ವಿಷಯ ಬಲ್ಲ ಪರಿಶೀಲಕರು ಮೊದಲ ಪುಟದಲ್ಲೇ ಇದನ್ನು ಹಿಡಿಯುತ್ತಾರೆ. ಬೇಗ ಬದಲಾಗುವುದು ಮೂತ್ರದಲ್ಲಿನ ಫ್ಲೋರೈಡ್. ಮುಖ್ಯ ಅಳತೆ ಅದಾಗಲಿ, ಹಲ್ಲಿನ ಪರೀಕ್ಷೆ ಆರಂಭದ ಸ್ಥಿತಿ ತೋರಿಸಲು ಮಾತ್ರ ಇರಲಿ.

ಎರಡನೆಯದು, 'ಇಲ್ಲಿ ಫ್ಲೋರೋಸಿಸ್ ಇದೆ' ಎಂದು ಮತ್ತೊಮ್ಮೆ ಸಾಬೀತು ಮಾಡಲು ಯಾರೂ ಹಣ ಕೊಡುವುದಿಲ್ಲ. ಫ್ಲೋರೋಸಿಸ್ ತಡೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದೇ 2008-09ರಲ್ಲಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ಮೂಲ ಇಲ್ಲದಿದ್ದರೆ 1.5 ಎಂಬ ಮಾನದಂಡವೂ ಇದೆ. ಅನ್ವಯಿಕ ಸಂಶೋಧನೆ ಕೇಳುವುದು ಮುಂದಿನ ಪ್ರಶ್ನೆಯನ್ನು: ಪರಿಹಾರ ಊರಿಗೆ ಬಂದ ಮೇಲೂ ಮಗುವಿನ ಮೈಗೆ ಫ್ಲೋರೈಡ್ ಯಾಕೆ ಸೇರುತ್ತಿದೆ? ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದ ಮನೆಯಲ್ಲಿ ಅದು ಕುಡಿಯುವುದಕ್ಕೆ ಮೀಸಲಾಗಬಹುದು. ಮುದ್ದೆಯ ಎಸರು, ಸಾರು, ಟೀ ಎಲ್ಲ ಬೋರ್ ನೀರಿನಲ್ಲೇ ಆದರೆ? ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. 'ಬಿಸಿಯೂಟದ ಅಡುಗೆಗೂ ಮನೆಯ ಅಡುಗೆಗೂ ಘಟಕದ ನೀರು ಸಿಗುವ ಹಾಗೆ ಮಾಡಿದರೆ, ಕುಡಿಯಲು ಮಾತ್ರ ಬಳಸುವ ಊರುಗಳಿಗಿಂತ ಮಕ್ಕಳ ಮೂತ್ರದ ಫ್ಲೋರೈಡ್ ಆರು ತಿಂಗಳಲ್ಲಿ ಎಷ್ಟು ಇಳಿಯುತ್ತದೆ?' ಇದು ಹಣ ಕೇಳಬಹುದಾದ ಪ್ರಶ್ನೆ. ಉತ್ತರ ಬಂದರೆ ಜಿಲ್ಲಾ ಪಂಚಾಯಿತಿ ಮರುದಿನವೇ ಬಳಸಬಹುದು.

ಸ್ಯಾಂಪಲ್ ಸೈಜ್ ಲೆಕ್ಕ ತಪ್ಪುವುದೂ ಇಲ್ಲೇ. ನೀರು ಊರಿಗೆ ಒಂದೇ, ಹಾಗಾಗಿ ಆಯ್ಕೆ ಊರಿನ ಲೆಕ್ಕದಲ್ಲಿ ಆಗಬೇಕು, ಮಗುವಿನ ಲೆಕ್ಕದಲ್ಲಲ್ಲ. ಒಂದೇ ಊರಿನ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಾರೆ, ಅದಕ್ಕೆ ಡಿಸೈನ್ ಎಫೆಕ್ಟ್ (ಆ ಹೋಲಿಕೆಗಾಗಿ ಮಕ್ಕಳ ಸಂಖ್ಯೆ ಹೆಚ್ಚಿಸುವ ಗುಣಕ) ಸೇರಿಸಬೇಕು. ಉದಾಹರಣೆಗೆ ಸಾಮಾನ್ಯ ಸೂತ್ರದಲ್ಲಿ 200 ಮಕ್ಕಳು ಸಾಕು ಅಂತ ಬಂತು ಅನ್ನಿ. ಊರಿಗೆ 20 ಮಕ್ಕಳು, ಊರೊಳಗಿನ ಹೋಲಿಕೆ 0.05 ಆದರೆ 1 + (19 × 0.05) = 1.95. 200 ಈಗ 390 ಆಯಿತು. ನೂರಕ್ಕೆ ಹತ್ತು ಮಕ್ಕಳು ಕೈಬಿಟ್ಟು ಹೋಗುತ್ತಾರೆಂದು 0.9ರಿಂದ ಭಾಗಿಸಿದರೆ 434. ಅಂದರೆ 22 ಊರು, ಒಂದೊಂದು ಗುಂಪಿಗೆ 11. ಆ 0.05 ಎಲ್ಲಿಂದ ಬಂತು ಎಂದು ಖಂಡಿತ ಕೇಳುತ್ತಾರೆ. ಹಿಂದಿನ ಅಧ್ಯಯನದಿಂದ ತೆಗೆದುಕೊಳ್ಳಿ, ಇಲ್ಲವಾದರೆ ನಾಲ್ಕಾರು ಊರಿನಲ್ಲಿ ಸಣ್ಣ ಪೈಲಟ್ ಮಾಡಿ. ಸಂಖ್ಯಾಶಾಸ್ತ್ರಜ್ಞರನ್ನು ಸಹ-ಸಂಶೋಧಕರಾಗಿಯೇ ಸೇರಿಸಿಕೊಳ್ಳಿ. ಅರ್ಜಿ ಬರೆದಾದ ಮೇಲೆ 'ಇದೊಂದು ನೋಡಿಕೊಡಿ ಸರ್' ಅಂದರೆ ಆಗ ತಿದ್ದಲು ಏನೂ ಉಳಿದಿರುವುದಿಲ್ಲ.

ಪೈಲಟ್‌ಗೆ ದುಡ್ಡಿಲ್ಲದಿದ್ದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ತನ್ನ ಅಧೀನದ ಕಾಲೇಜುಗಳ ಅಧ್ಯಾಪಕರಿಗೆ ಕೊಡುವ ಸಂಶೋಧನಾ ಅನುದಾನ ನೋಡಿ. ಮೊದಲ ಸಲದವರಿಗೆ ಅಲ್ಲಿಂದ ಹೊರಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈಗ ಐಸಿಎಂಆರ್. ಹೊರಗಿನ ಸಂಸ್ಥೆಗಳಿಗೆ ಕೊಡುವುದರಲ್ಲಿ ಸ್ಮಾಲ್ ಗ್ರಾಂಟ್ 2 ಕೋಟಿವರೆಗೆ, ಇಂಟರ್‌ಮೀಡಿಯೇಟ್ 2ರಿಂದ 8 ಕೋಟಿ. ನಿಮ್ಮದು ಸ್ಮಾಲ್ ಗ್ರಾಂಟ್. ಮಿತಿ 2 ಕೋಟಿ ಇದೆಯೆಂದು 1 ಕೋಟಿ 98 ಲಕ್ಷ ಕೇಳಬೇಡಿ, ಲೆಕ್ಕ ಹಿಂದುಮುಂದಾಗಿ ಹಾಕಿದ್ದು ಎದ್ದು ಕಾಣುತ್ತದೆ. ಅರ್ಜಿ ಐಸಿಎಂಆರ್‌ನ ಆನ್‌ಲೈನ್ ಇ-ಪಿಎಂಎಸ್ ಪೋರ್ಟಲ್‌ನಲ್ಲೇ ಹೋಗಬೇಕು. ಮುಖ್ಯ ಸಂಶೋಧಕರು ಕಾಯಂ ಹುದ್ದೆಯಲ್ಲಿರಬೇಕು. ಕಾಲೇಜಿಗೆ ಡಿಎಸ್‌ಐಆರ್ (ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ) ಮಾನ್ಯತೆ ಇದೆಯೇ, ಅವಧಿ ಮುಗಿದಿದೆಯೇ ಎಂದು ಆಫೀಸಿನಲ್ಲಿ ಇವತ್ತೇ ಕೇಳಿ. ನವೀಕರಣಕ್ಕೆ ತಿಂಗಳುಗಳು ಹಿಡಿಯುತ್ತವೆ, ಕೊನೆಯ ದಿನ ಯಾರಿಗೂ ಕಾಯುವುದಿಲ್ಲ.

ಎಥಿಕ್ಸ್ ಕಮಿಟಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಔಷಧ ಪ್ರಯೋಗಗಳಿಗೆಂದು ಇರುವ ನೋಂದಣಿ ಬೇರೆ, ಎರಡನ್ನೂ ಒಂದೇ ಎಂದು ತಿಳಿದು ಎಡವುವವರು ಬಹಳ. ಮಕ್ಕಳ ಅಧ್ಯಯನವಾದ್ದರಿಂದ ಪೋಷಕರ ಒಪ್ಪಿಗೆ ಪತ್ರದ ಜೊತೆಗೆ 7ರಿಂದ 12 ವರ್ಷದವರಿಂದ ಬಾಯಿಮಾತಿನ ಸಮ್ಮತಿ, 12 ದಾಟಿದವರಿಂದ ಬರಹದ ಸಮ್ಮತಿ ಬೇಕು. ಒಪ್ಪಿಗೆ ಪತ್ರ ಓದಿ ಹೇಳುವಂಥ ಕನ್ನಡದಲ್ಲಿರಲಿ. 'ಜೈವಿಕ ಮಾದರಿ ಸಂಗ್ರಹಣೆ' ಎಂದು ಬರೆದರೆ ಯಾರಿಗೆ ಅರ್ಥವಾದೀತು? 'ನಿಮ್ಮ ಮಗುವಿನ ಒಂದಕ್ಕೆಯನ್ನು ಒಂದು ಡಬ್ಬಿಯಲ್ಲಿ ತೆಗೆದುಕೊಳ್ಳುತ್ತೇವೆ, ಸೂಜಿ ಚುಚ್ಚುವುದಿಲ್ಲ' ಎಂದು ಬರೆಯಿರಿ. ಚಳ್ಳಕೆರೆ ಕಡೆ ತೆಲುಗು ಮಾತಾಡುವ ಮನೆಗಳಿವೆ, ತಾಂಡಾಗಳಿವೆ. ಅಲ್ಲಿ ಯಾರು ವಿವರಿಸುತ್ತಾರೆ ಎಂಬುದೂ ಅರ್ಜಿಯಲ್ಲಿರಲಿ. ಇದು ನೀರಿನ ಬಳಕೆ ಬದಲಿಸಿ ಫಲ ನೋಡುವ ಅಧ್ಯಯನ, ಆದ್ದರಿಂದ ಮೊದಲ ಮಗು ಸೇರುವ ಮುಂಚೆಯೇ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಆಗಬೇಕು. 2018ರ ಏಪ್ರಿಲ್‌ನಿಂದ ಆಮೇಲೆ ನೋಂದಾಯಿಸಲು ಅವಕಾಶವಿಲ್ಲ.

ಜಗಳೂರು ದಾವಣಗೆರೆ ಜಿಲ್ಲೆ, ಚಳ್ಳಕೆರೆ ಚಿತ್ರದುರ್ಗ ಜಿಲ್ಲೆ; ಎರಡು ಜಿಲ್ಲೆಯಾದ್ದರಿಂದ ಪತ್ರಗಳೂ ಎರಡೆರಡು: ಜಿಲ್ಲಾ ಆರೋಗ್ಯಾಧಿಕಾರಿ, ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು), ಗ್ರಾಮೀಣ ಕುಡಿಯುವ ನೀರು ವಿಭಾಗ. ಮೊದಲ ಅರ್ಜಿಗೆ ಒಂದೇ ಜಿಲ್ಲೆ ಸಾಕು ಅನ್ನುವೆ. ಪತ್ರದಲ್ಲಿ 'ಸಹಕರಿಸುತ್ತೇವೆ' ಎಂಬ ಒಂದು ಸಾಲಿಗಿಂತ, ಘಟಕಗಳನ್ನು ಆರು ತಿಂಗಳು ಯಾರು ನಡೆಸುತ್ತಾರೆ, ಕೆಟ್ಟರೆ ಯಾರು ರಿಪೇರಿ ಮಾಡಿಸುತ್ತಾರೆ ಎಂದು ಬರೆಸಿಕೊಳ್ಳಿ. ಘಟಕ ಮೂರು ವಾರ ನಿಂತರೆ ನಿಮ್ಮ ಅಧ್ಯಯನವೂ ನಿಂತ ಹಾಗೆ.

ಬಜೆಟ್ಟನ್ನು ಕೆಲಸದ ದಿನಗಳಿಂದ ಕಟ್ಟಿ. 22 ಊರು, ಊರಿಗೆ ಮೂರು ಭೇಟಿ, ಬಾರದ ಮಕ್ಕಳಿಗಾಗಿ ಇನ್ನೊಂದು: 88 ವಾಹನ ದಿನ. ಇದರಿಂದ ಗಾಡಿ ಖರ್ಚು ತಾನಾಗಿ ಬರುತ್ತದೆ. ಸಿಬ್ಬಂದಿಗೆ ಐಸಿಎಂಆರ್ ಸುತ್ತೋಲೆಯ ಹುದ್ದೆಯ ಹೆಸರು, ಸಂಬಳವನ್ನೇ ಹಾಕಿ, ಮನೆ ಬಾಡಿಗೆ ಭತ್ಯೆ ಮರೆಯಬೇಡಿ. ಫ್ಲೋರೈಡ್ ಎಲೆಕ್ಟ್ರೋಡ್ ಇರುವ ಅಯಾನ್ ಮೀಟರ್, ಅಳೆಯುವ ಮುನ್ನ ಮಾದರಿಗೆ ಬೆರೆಸುವ ಟೈಸಾಬ್ ದ್ರಾವಣ, ಪ್ಲಾಸ್ಟಿಕ್ ಬಾಟಲಿಗಳು ಬೇಕು. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಡನೆ ಪ್ರತಿಕ್ರಿಯಿಸಿ ಅಳತೆ ಕೆಡುತ್ತದೆ. ನೂರಕ್ಕೆ ಹತ್ತು ಮಾದರಿಗಳನ್ನು ಎರಡೆರಡು ಸಲ ಅಳೆಯುವುದಾಗಿ ಬರೆಯಿರಿ, ಮೂತ್ರ ಎಷ್ಟು ತೆಳು, ಎಷ್ಟು ಗಟ್ಟಿ ಎಂದು ಸರಿಹೊಂದಿಸಲು ಕ್ರಿಯಾಟಿನಿನ್ ಅಳತೆಯೂ ಇರಲಿ.

ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೆಲಸ ಹಂಚಿ. ಏಪ್ರಿಲ್, ಮೇನಲ್ಲಿ ಶಾಲೆ ಇಲ್ಲ, ಅಕ್ಟೋಬರ್‌ನಲ್ಲಿ ದಸರಾ ರಜೆ, ಮಾರ್ಚ್‌ನಲ್ಲಿ ಪರೀಕ್ಷೆ. ಅದೇ ಹೊತ್ತಿಗೆ ನಾಯಕನಹಟ್ಟಿ ಜಾತ್ರೆ ಬಂದರೆ ಸುತ್ತಲಿನ ಊರುಗಳಲ್ಲಿ ಯಾರೂ ಸಿಗುವುದಿಲ್ಲ. ಬೇಸಿಗೆಯಲ್ಲಿ ನೀರು ಕುಡಿಯುವುದು ಹೆಚ್ಚು, ಹಾಗಾಗಿ ಎರಡೂ ಗುಂಪಿನ ಊರುಗಳನ್ನು ಒಂದೇ ವಾರದಲ್ಲಿ, ದಿನದ ಒಂದೇ ಹೊತ್ತಿನಲ್ಲಿ ಅಳೆಯಿರಿ. ಒಂದು ಗುಂಪನ್ನು ಜನವರಿಯಲ್ಲಿ, ಇನ್ನೊಂದನ್ನು ಜೂನ್‌ನಲ್ಲಿ ಅಳೆದರೆ ಹೋಲಿಸುವುದು ಋತುವನ್ನೇ ಹೊರತು ನೀರನ್ನಲ್ಲ.

ಹಣ ಮಂಜೂರಾದ ಮೇಲೂ ಒಂದೇ ಸಲ ಬರುವುದಿಲ್ಲ. ಪ್ರಗತಿ ವರದಿ, ಖರ್ಚಿನ ವಿವರ, ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯ ಬಳಕೆ ಪ್ರಮಾಣಪತ್ರ ಹೋದ ಮೇಲೆ ಮುಂದಿನ ಕಂತು. ಖಾತೆಯಲ್ಲಿ ಬಂದ ಬಡ್ಡಿ ಸರ್ಕಾರದ್ದು, ಭಾರತಕೋಶ್ (ಕೇಂದ್ರ ಸರ್ಕಾರಕ್ಕೆ ಹಣ ಕಟ್ಟುವ ಆನ್‌ಲೈನ್ ಪೋರ್ಟಲ್) ಮೂಲಕ ಕಟ್ಟಬೇಕು. ಪ್ರಮಾಣಪತ್ರ ಮಾರ್ಚ್ 31ಕ್ಕೆ ಮುಗಿದ ವರ್ಷದ್ದು, ಆದ್ದರಿಂದ ಕಾಲೇಜಿನ ಅಕೌಂಟೆಂಟ್‌ಗೆ ಏಪ್ರಿಲ್ ಮೊದಲ ವಾರದಲ್ಲೇ ರಸೀದಿಗಳನ್ನು ಒಪ್ಪಿಸಿ. ಅದು ತಡವಾದರೆ ಕ್ಷೇತ್ರ ಸಹಾಯಕರ ಸಂಬಳ ನಿಲ್ಲುತ್ತದೆ, ಅವರು ಬೇರೆ ಕೆಲಸ ಹುಡುಕಿಕೊಂಡು ಹೋದರೆ ಊರುಗಳ ಪರಿಚಯವೂ ಅವರ ಜೊತೆ ಹೋಗುತ್ತದೆ.