ಸಣ್ಣ ಊರಾದರೆ ಏನಂತೆ, ಸ್ವಾಮಿ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಸಂಪಾದಕರೇ, ನನ್ನ ಮಗಳು ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಓದುತ್ತಿದ್ದಾಳೆ. ಎಕ್ಸ್‌ಚೇಂಜ್‌ನಲ್ಲಿ ಒಂದು ವರ್ಷ ಜರ್ಮನಿಗೆ ಹೋಗುವ ಅವಕಾಶ ಬಂದಿದೆ. ಬರ್ಲಿನ್ ಅಥವಾ ಟ್ಯೂಬಿಂಗೆನ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅವಳ ಮನಸ್ಸು ಟ್ಯೂಬಿಂಗೆನ್ ಕಡೆಗಿದೆ. ನಮ್ಮ ನೆಂಟರಲ್ಲಿ ಆ ಹೆಸರು ಕೇಳಿದವರೇ ಇಲ್ಲ. ಅಷ್ಟು ದೂರ ಹೋಗಿ ಒಂದು ಸಣ್ಣ ಊರಲ್ಲಿ ಯಾಕೆ ಕೂರಬೇಕು? ಬರ್ಲಿನ್ ಆದರೆ ಮುಂದೆ ಕೆಲಸಕ್ಕೂ ಅನುಕೂಲ ಅಲ್ವಾ? ದಯವಿಟ್ಟು ಬುದ್ಧಿ ಹೇಳಿ."

ಯಾರಿಗೆ ಹೇಳಬೇಕು ಅಂತ ನೀವು ಬರೆದಿಲ್ಲ. ಹಾಗಾಗಿ ನಿಮಗೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಬರ್ಲಿನ್‌ಗೆ ಸಲ್ಲಬೇಕಾದ್ದು ಸಲ್ಲಲಿ. ದೊಡ್ಡ ಊರು, ರಾಜಧಾನಿ. 1810ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇದೆ, ಈಗ ಅದಕ್ಕೆ ಹುಂಬೋಲ್ಟ್ ಹೆಸರು. ಊರು ಇಬ್ಭಾಗವಾಗುತ್ತಿದ್ದ 1948ರಲ್ಲಿ ಹುಟ್ಟಿದ ಫ್ರೀ ಯೂನಿವರ್ಸಿಟಿ ಇದೆ. ಮ್ಯೂಸಿಯಂಗಳಂತೂ ನೋಡಿ ಮುಗಿಯಲ್ಲ. ಇಂಗ್ಲಿಷಿನಲ್ಲೇ ವರ್ಷ ತಳ್ಳಿಬಿಡಬಹುದು, ಬೇಳೆ ಅಕ್ಕಿಗೂ ಕೊರತೆ ಇಲ್ಲ. ಒಳ್ಳೆಯ ಊರೇ. ಅಷ್ಟು ಸಾಕು.

ಈಗ ಟ್ಯೂಬಿಂಗೆನ್ ವಿಷಯ. ನಿಮ್ಮ ನೆಂಟರು ಕೇಳಿಲ್ಲ ಅಂದಿರಿ. ಕನ್ನಡದಲ್ಲಿ ಓದು ಬರಹ ಇಟ್ಟುಕೊಂಡವರು ಆ ಹೆಸರು ಕೇಳಿಲ್ಲ ಅಂದರೆ ನನಗೆ ಸ್ವಲ್ಪ ಸಂಕಟವೇ ಆಗುತ್ತೆ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರತಂದ ಹರ್ಮನ್ ಮೋಗ್ಲಿಂಗ್ ಓದಿದ್ದು ಎಲ್ಲಿ? ಟ್ಯೂಬಿಂಗೆನ್‌ನಲ್ಲಿ. ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಅಂತ ನಮಗೆಲ್ಲ ಶಾಲು ಹೊದಿಸ್ತಾರಲ್ಲ, ಅದು ಆ ಮನುಷ್ಯನ ಋಣ. ಹಳಗನ್ನಡದ ಓಲೆಗರಿಗಳನ್ನು ಹುಡುಕಿಸಿ ಅಚ್ಚು ಹಾಕಿಸಿದ ಕೆಲಸಕ್ಕೆ ಅದೇ ವಿಶ್ವವಿದ್ಯಾಲಯ ಅವರಿಗೆ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಆಮೇಲೆ ಕಿಟೆಲ್. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಆ ನಿಘಂಟಿನ ಕೊನೆಯ ಹಂತದ ಹೊತ್ತಿಗೆ ಅವರು ಟ್ಯೂಬಿಂಗೆನ್ ಸೇರಿದ್ದರು. 1896ರಲ್ಲಿ ಅವರಿಗೂ ಅಲ್ಲೇ ಡಾಕ್ಟರೇಟ್, 1903ರಲ್ಲಿ ಅಲ್ಲೇ ಕೊನೆಯುಸಿರು. ಕನ್ನಡದ ಮೊದಲ ಪತ್ರಿಕೆಗೂ ದೊಡ್ಡ ನಿಘಂಟಿಗೂ ನೆಂಟಸ್ತನ ಇರುವ ಊರು ಜರ್ಮನಿಯಲ್ಲಿ ಇದ್ದರೆ ಅದು ಇದೇ. ನೀವು ಕೇಳಿದ್ದು ಮಗಳ ಓದಿನ ಬಗ್ಗೆ, ಕನ್ನಡದ ಚರಿತ್ರೆ ಬಗ್ಗೆ ಅಲ್ಲ, ಗೊತ್ತು. ಆದರೂ ಹೇಳದೆ ಇರೋಕಾಗಲ್ಲ.

ಸರಿ, ಮಗಳ ಓದಿಗೇ ಬರೋಣ. ಬಯೋಕೆಮಿಸ್ಟ್ರಿ ಅಂದಿರಿ. ಟ್ಯೂಬಿಂಗೆನ್‌ನ ಗುಡ್ಡದ ಮೇಲೆ ಒಂದು ಹಳೇ ಕೋಟೆಮನೆ ಇದೆ. ಅದರ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದರು. ಅದನ್ನು ನಡೆಸುತ್ತಿದ್ದವರು ಹೋಪ್ಪೆ-ಸೈಲರ್, ಹಿಮೋಗ್ಲೋಬಿನ್‌ಗೆ ಆ ಹೆಸರಿಟ್ಟವರು. ಅವರ ಹತ್ತಿರ ಬಂದ ಫ್ರೀಡ್ರಿಶ್ ಮೀಷರ್ ಎಂಬ ಹುಡುಗ ಆಸ್ಪತ್ರೆಯಿಂದ ಕೀವು ಅಂಟಿದ ಬ್ಯಾಂಡೇಜ್ ತರಿಸಿ, ಅದನ್ನು ತೊಳೆದು, ಜೀವಕೋಶದ ನಡುವಿನ ಭಾಗವನ್ನು ಬೇರೆ ಮಾಡಿ, 1869ರಲ್ಲಿ ಅದರೊಳಗೆ ಯಾರೂ ಕಾಣದ ಒಂದು ವಸ್ತು ಕಂಡುಹಿಡಿದ. ನಾವಿವತ್ತು ಡಿಎನ್ಎ ಅನ್ನೋದು ಅದನ್ನೇ. ಗುರುವಿಗೆ ನಂಬಿಕೆ ಬರಲಿಲ್ಲ. ತಾವೇ ಪ್ರಯೋಗ ಮಾಡಿ ನೋಡಿದ ಮೇಲೆ 1871ರಲ್ಲಿ ಪ್ರಕಟಿಸಿದರು. ಆ ಅಡುಗೆಮನೆ ಈಗ ಮ್ಯೂಸಿಯಂ. ಅದೇ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಅವರಿಗೆ 1995ರಲ್ಲಿ ನೊಬೆಲ್ ಬಂತು. ನೊಣದ ಭ್ರೂಣ ನೋಡುತ್ತಾ ಕೂತ ಹೆಣ್ಣುಮಗಳು ಆಕೆ. ನಿಮ್ಮ ಮಗಳಿಗೆ ಇದೆಲ್ಲ ಗೊತ್ತಿರುತ್ತೆ. ಅದಕ್ಕೇ ಮನಸ್ಸು ಆ ಕಡೆ ಹೋಗಿರೋದು. ನೀವು ಯಾಕೆ ಅಂತ ಒಂದು ಸಲ ಅವಳನ್ನೇ ಕೇಳಿದ್ರಾ? ಪತ್ರ ನೋಡಿದರೆ ನೆಂಟರನ್ನು ಕೇಳಿದ ಹಾಗಿದೆ, ಅವಳನ್ನು ಕೇಳಿದ ಹಾಗಿಲ್ಲ.

ಊರು ಸಣ್ಣದು, ನಿಜ. ಸುಮಾರು 90 ಸಾವಿರ ಜನ. ಅದರ ಜೊತೆಗೆ 25 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. 1477ರಿಂದ ವಿಶ್ವವಿದ್ಯಾಲಯ ನಡೆಸುತ್ತಿರುವ ಊರಿಗೆ ವಿದ್ಯಾರ್ಥಿಗಳು ಬಾಡಿಗೆ ತರುವ ಗಿರಾಕಿಗಳಷ್ಟೇ ಅಲ್ಲ. ಖಗೋಳ ವಿಜ್ಞಾನಿ ಕೆಪ್ಲರ್ ಓದಿದ್ದು ಇಲ್ಲಿ. ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಜೊತೆಗೆ ಹೋಲ್ಡರ್ಲಿನ್, ಮೂವರೂ ಒಂದೇ ಹಾಸ್ಟೆಲ್ಲಿನ ಹುಡುಗರು. ಕವಿ ಹೋಲ್ಡರ್ಲಿನ್‌ಗೆ ಬುದ್ಧಿ ಸ್ಥಿಮಿತ ತಪ್ಪಿದಾಗ ನೆಕ್ಕಾರ್ ನದಿಯ ದಂಡೆಯ ಬಡಗಿಯೊಬ್ಬರು ಮನೆಗೆ ಕರಕೊಂಡು ಹೋದರು. 1807ರಿಂದ 1843ರಲ್ಲಿ ಸಾಯುವವರೆಗೂ, 36 ವರ್ಷ, ಆ ಮನೆಯವರೇ ನೋಡಿಕೊಂಡರು. ಹುಚ್ಚು ಹಿಡಿದ ಕವಿಯನ್ನು ಅಷ್ಟು ಕಾಲ ಸಾಕಿದ ಊರಲ್ಲಿ ಮಗಳನ್ನು ಬಿಡೋಕೆ ನಿಮಗೆ ಭಯವೇ?

ಒಂದು ವರ್ಷ ಅಂದರೆ ತುಂಬಾ ಕಡಿಮೆ ಸ್ವಾಮಿ. ಅಕ್ಟೋಬರಿನಲ್ಲಿ ಚಳಿಗಾಲದ ಸೆಮಿಸ್ಟರ್, ಏಪ್ರಿಲ್‌ನಲ್ಲಿ ಬೇಸಿಗೆಯದ್ದು, ಅಷ್ಟೇ. ದೊಡ್ಡ ನಗರದಲ್ಲಿ ಇದರಲ್ಲಿ ಎಷ್ಟು ದಿನ ಮನೆ ಹುಡುಕೋದು, ಎಷ್ಟು ಗಂಟೆ ರೈಲಿನಲ್ಲಿ ಕೂರೋದು ಅಂತ ಯೋಚನೆ ಮಾಡಿ. ದೊಡ್ಡ ಊರಲ್ಲಿ ನಮ್ಮವರು ನಮ್ಮವರನ್ನೇ ಹುಡುಕಿಕೊಂಡು, ಒಂದೇ ಫ್ಲಾಟಿನಲ್ಲಿ ಅನ್ನ ಸಾರು ಮಾಡಿಕೊಂಡು, ಜರ್ಮನ್ ಒಂದಕ್ಷರ ಕಲಿಯದೆ ವಾಪಸ್ ಬರ್ತಾರೆ. ಬೆಂಗಳೂರಿನ ಒಂದು ಪಿಜಿಯಿಂದ ಎದ್ದು ಬಂದ ಹಾಗೆ. ಸಣ್ಣ ಊರಲ್ಲಿ ಅದು ಸಾಧ್ಯವಿಲ್ಲ. ಬೇಕರಿಯಲ್ಲಿ ಬ್ರೆಡ್ ಕೇಳೋಕಾದರೂ ಬಾಯಿ ಬಿಡಬೇಕು. ತೀರಾ ಬೇಜಾರಾದರೆ ಸ್ಟುಟ್‌ಗಾರ್ಟ್ ಹತ್ತಿರದಲ್ಲೇ ಇದೆ, ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ನೀವು ಕೇಳಿದ ಕೆಲಸದ ಮಾತಿಗೂ ಅಲ್ಲೇ ಉತ್ತರ ಇದೆ, ಬಾಷ್, ಮರ್ಸಿಡಿಸ್ ಎಲ್ಲ ಆ ಕಡೆಯವೇ.

ನಿಜವಾದ ಸಿಟ್ಟು ನನಗೆ ನಿಮ್ಮ ಮೇಲಲ್ಲ. ಊರು ಅಂದರೆ ದೊಡ್ಡದೇ ಇರಬೇಕು, ಕಾಲೇಜು ಅಂದರೆ ರ‍್ಯಾಂಕಿಂಗ್ ಇರಬೇಕು ಅಂತ ನಮಗೆ ಕಲಿಸಿದವರ ಮೇಲೆ. ಬಣ್ಣದ ಬ್ರೋಷರ್ ಹಿಡಿದ ಕನ್ಸಲ್ಟೆನ್ಸಿಗಳು ಈಗ ಜಿಲ್ಲೆ ಜಿಲ್ಲೆಗೂ ಬಂದಿವೆ. ಎಕ್ಸ್‌ಚೇಂಜ್ ಹುಡುಗಿಯಿಂದ ಅವರಿಗೆ ಏನೂ ಗಿಟ್ಟಲ್ಲ, ಹಾಗಾಗಿ ಅವರನ್ನು ಕೇಳಿದರೆ ಇನ್ನೆಲ್ಲೋ ಕಳಿಸ್ತಾರೆ. ವಿಶ್ವವಿದ್ಯಾಲಯದ ಊರು ಅಂದರೇನು ಅನ್ನೋದನ್ನೇ ನಾವು ಮರೆತಿದ್ದೇವೆ. ನಮಗೂ ಧಾರವಾಡ ಇತ್ತು. 1949ರಲ್ಲಿ ಮುಂಬೈಯಲ್ಲಿ ಶುರುವಾದ ಕರ್ನಾಟಕ ವಿಶ್ವವಿದ್ಯಾಲಯವನ್ನು ಮರುವರ್ಷವೇ ಧಾರವಾಡಕ್ಕೆ ತಂದರು. ಮಾಸ್ತರರು, ಕವಿಗಳು, ಹುಡುಗರು ಒಂದೇ ರಸ್ತೆಯಲ್ಲಿ ನಡೆದಾಡುವ ಊರು ಅದು. ಆಮೇಲೆ ಕಟ್ಟಿದ್ದೆಲ್ಲ ಊರಾಚೆ. ನಿಮ್ಮದೇ ವಿಶ್ವವಿದ್ಯಾಲಯ ತೋಳಹುಣಸೆಯಲ್ಲಿದೆ, ದಾವಣಗೆರೆಯ ಪೇಟೆಗೂ ಅದಕ್ಕೂ ಬಸ್ಸಿನದ್ದಷ್ಟೇ ನಂಟು. ಇತ್ತೀಚೆಗೆ ಒಂದೇ ಏಟಿಗೆ ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿ, 2025ರಲ್ಲಿ ಅವುಗಳಲ್ಲಿ ಒಂಬತ್ತನ್ನು ಮುಚ್ಚೋಣ ಅನ್ನುವ ಮಾತು ಸರ್ಕಾರದಲ್ಲೇ ಎದ್ದಿತು. ಕಟ್ಟಡ ಎದ್ದ ಕೂಡಲೇ ವಿಶ್ವವಿದ್ಯಾಲಯ ಆಗಿಬಿಡುತ್ತಾ? ಇನ್ನು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟು. ಹುಡುಗರಿಗೆ ರಾತ್ರಿ ಲೈಬ್ರರಿ ಇರುತ್ತೆ, ಹುಡುಗಿಯರಿಗೆ ಸಂಜೆಯ ಹಾಜರಿ. ನಿಮ್ಮ ಮಗಳು ಒಂದು ವರ್ಷವಾದರೂ ಲೈಬ್ರರಿಯಿಂದ ತಡವಾಗಿ ಎದ್ದು, ನಡಕೊಂಡೇ ರೂಮಿಗೆ ಹೋಗಲಿ ಬಿಡಿ.

ಲೆಕ್ಕದ ಮಾತೂ ಇದೆ. ಟ್ಯೂಬಿಂಗೆನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಆಚೆಯಿಂದ ಬರುವವರಿಗೆ ಸೆಮಿಸ್ಟರಿಗೆ 1,500 ಯುರೋ ಶುಲ್ಕ ಹಾಕಿದೆ. ಬರ್ಲಿನ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದಿಲ್ಲ. ಆದರೆ ಒಪ್ಪಂದದ ಮೇಲೆ ಎಕ್ಸ್‌ಚೇಂಜ್‌ಗೆ ಬರುವವರಿಗೆ ಅದರಿಂದ ವಿನಾಯಿತಿ, ಕಾಲೇಜಿನ ಪತ್ರದಲ್ಲಿ ಹಾಗೆ ಬರೆದಿದೆಯಾ ನೋಡಿಕೊಳ್ಳಿ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ಖರ್ಚಿನ ದುಡ್ಡನ್ನು ಮೊದಲೇ ಕಟ್ಟಿಟ್ಟು ತಿಂಗಳಿಗಿಷ್ಟು ಅಂತ ತೆಗೆಯುವ ಖಾತೆ) ತೋರಿಸಬೇಕಾದ ದುಡ್ಡು ಎರಡೂ ಊರಿಗೆ ಒಂದೇ. 2024ರ ಸೆಪ್ಟೆಂಬರಿನಿಂದ ಅದು ವರ್ಷಕ್ಕೆ 11,904 ಯುರೋ, ಅಂದರೆ ತಿಂಗಳಿಗೆ 992. ರೂಮಿನ ತಾಪತ್ರಯ ಟ್ಯೂಬಿಂಗೆನ್‌ನಲ್ಲೂ ಇದೆ, ಇಲ್ಲ ಅನ್ನಲ್ಲ. ಹಾಗಾಗಿ ಸೀಟು ಖಚಿತವಾದ ದಿನವೇ ಹಾಸ್ಟೆಲ್ ಅರ್ಜಿ ಹಾಕಿಸಿ, ವಿಮಾನದ ಟಿಕೆಟ್ ಆಮೇಲೆ ನೋಡಿದರಾಯ್ತು. ಜರ್ಮನ್ ಕ್ಲಾಸಿಗೆ ಈ ತಿಂಗಳೇ ಸೇರಲಿ. ಮತ್ತೆ ಆ ನೆಂಟರಿಗೆ ಈ ಪುಟದ ಒಂದು ಪ್ರತಿ ಕೊಡಿ.

— ಸಂಪಾದಕ